ಯಾರ್ರೀ ಮಾಯಕೊಂಡ, ಇಳ್ಕೊಳ್ರೀ

ಮೆಲ್ಬರ್ನ್

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಅವ್ವನಿಗೂ ಹೇಳಿ. ನಾವೆಲ್ಲ ಇಲ್ಲಿ ಆರಾಮಾಗಿದ್ದೀವಿ. ಚಳಿ ಶುರುವಾಗಿದೆ, ಚಿನ್ನೂಗೆ ನೆಗಡಿ ಬಂದು ಹೋಯಿತು, ಅಷ್ಟೇ. ಚಟ್ನಿಪುಡಿ ಬಂದು ತಲುಪಿದೆ.

ಮೊನ್ನೆ ಫೋನಿನಲ್ಲಿ ಚಿನ್ನೂ ನಿಮ್ಮನ್ನು ಕೇಳಿದನಲ್ಲ, "ಅಜ್ಜ, ನಿಜವಾದ ಊರಿಗೆ ರಾಕ್ಷಸರ ಕಥೆಯಲ್ಲಿ ಬರೋ ಥರ ಹೆಸರು ಇರುತ್ತಾ?" ಅಂತ. ನೀವು ಹಿಡಿಂಬನ ವಿಷಯ ತೆಗೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅವನು ಕಂಪ್ಯೂಟರ್ ಆಟದಲ್ಲಿ ತಾನೇ ಒಂದು ರಾಜ್ಯ ಕಟ್ಟಿ, ಬೆಟ್ಟಕ್ಕೆ ಕಣಿವೆಗೆಲ್ಲ ಹೆಸರಿಡುತ್ತಿದ್ದಾನೆ. ಆ ಹೆಸರು ಹುಡುಕುವ ಕೆಲಸ ನನ್ನ ತಲೆಗೂ ಅಂಟಿಕೊಂಡಿದೆ. ಫೋನಲ್ಲಿ ಹೇಳಿ ಮುಗಿಯುವುದಲ್ಲ ಅಂತ ಬರೆಯಲು ಕೂತೆ.

ನಮ್ಮ ಮನೆಯಿಂದ ಉತ್ತರಕ್ಕೆ ಒಂದು ಬೆಟ್ಟ ಇದೆ, ಮೌಂಟ್ ಡಿಸಪಾಯಿಂಟ್‌ಮೆಂಟ್. ನಿರಾಸೆಯ ಬೆಟ್ಟ! ಬೋರ್ಡಿನ ಮೇಲೆ ಹಾಗೇ ಬರೆದಿದೆ. 1824ರಲ್ಲಿ ಹ್ಯೂಮ್, ಹೋವೆಲ್ ಅಂತ ಇಬ್ಬರು ಸಿಡ್ನಿ ಕಡೆಯಿಂದ ಕಾಡು ಮೇಡು ದಾಟಿಕೊಂಡು ಬಂದು, ಇದನ್ನು ಹತ್ತಿದರೆ ಸಮುದ್ರ ಕಾಣುತ್ತೆ ಅಂದುಕೊಂಡು ಹತ್ತಿದರಂತೆ. ಮೇಲೆ ಹೋದರೆ ಮರವೋ ಮರ. ಸಮುದ್ರ ಇರಲಿ, ಆಚೆ ಗುಡ್ಡವೂ ಕಾಣಲಿಲ್ಲ. ಆ ಸಿಟ್ಟಿಗೆ ಈ ಹೆಸರು. ನಾವೂ ಒಂದು ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ಹುಡುಗರು ಸೈಕಲ್ ಮೇಲೆ ಮೈಯೆಲ್ಲ ಕೆಸರು ಮಾಡಿಕೊಂಡು ಇಳಿಯುತ್ತಿದ್ದರು. ಯಾರ ಮುಖದಲ್ಲೂ ನಿರಾಸೆ ಕಾಣಲಿಲ್ಲ, ನಮ್ಮವರೊಬ್ಬರನ್ನು ಬಿಟ್ಟು. ಇವರು ಉಪ್ಪಿನಕಾಯಿ ಡಬ್ಬ ಮನೆಯಲ್ಲೇ ಮರೆತು ಬಂದಿದ್ದರು.

ಈ ದೇಶದ ನಕ್ಷೆ ತುಂಬಾ ಇಂಥವೇ ಅಪ್ಪಾಜಿ. ಕ್ಯಾಪ್ಟನ್ ಕುಕ್‌ನ ಹಡಗು 1770ರಲ್ಲಿ ಹವಳದ ದಿಬ್ಬಕ್ಕೆ ಬಡಿಯಿತು. ತನ್ನ ಕಷ್ಟವೆಲ್ಲ ಇಲ್ಲಿಂದಲೇ ಶುರುವಾಯಿತು ಅಂತ ಅಲ್ಲಿನ ಭೂಶಿರಕ್ಕೆ ಸಂಕಟದ ಹೆಸರಿಟ್ಟ, ಕೇಪ್ ಟ್ರಿಬ್ಯುಲೇಶನ್ ಅಂತ. ದಕ್ಷಿಣದಲ್ಲಿ ಕೇಪ್ ಕೆಟಾಸ್ಟ್ರಫಿ ಇದೆ. 1802ರಲ್ಲಿ ಫ್ಲಿಂಡರ್ಸ್ ಅನ್ನುವವನ ಹಡಗಿನಿಂದ ಚಿಕ್ಕ ದೋಣಿಯಲ್ಲಿ ಹೋದ ಎಂಟು ಜನ ವಾಪಸು ಬರಲೇ ಇಲ್ಲ. ಆ ಜಾಗಕ್ಕೆ ವಿಪತ್ತಿನ ಹೆಸರು, ಪಕ್ಕದ ಕೊಲ್ಲಿಗೆ ನೆನಪಿನ ಹೆಸರು, ಸುತ್ತಲಿನ ದ್ವೀಪಗಳಿಗೆ ಸತ್ತವರ ಹೆಸರು. ಅದನ್ನು ಓದಿದ ಮೇಲೆ ಚಿನ್ನೂ ಆಟ ನಿಲ್ಲಿಸಿ, "ಅವರ ಮನೆಯವರಿಗೆ ಹೇಗೆ ಗೊತ್ತಾಯ್ತಮ್ಮ?" ಅಂದ. ಅದೇ ಕರಾವಳಿಯಲ್ಲಿ ಕಾಫಿನ್ ಬೇ ಅಂತಲೂ ಇದೆ. ಶವಪೆಟ್ಟಿಗೆ ಅಂದುಕೊಂಡು ಹೆದರಬೇಡಿ, ಅದು ಯಾರೋ ನೌಕಾಪಡೆಯ ಅಧಿಕಾರಿಯ ಮನೆತನದ ಹೆಸರು. ಈಗ ಅಲ್ಲಿ ಸಿಂಪಿ ಸಾಕಿ ಮಾರುತ್ತಾರೆ, ಒಳ್ಳೇ ವ್ಯಾಪಾರವಂತೆ.

ನನಗೆ ಅನಿಸಿದ್ದು ಇಷ್ಟು. ಇವೆಲ್ಲ ದಾರಿಹೋಕರು ಇಟ್ಟ ಹೆಸರು. ಬಂದರು, ಸುಸ್ತಾದರು, ಬೈದುಕೊಂಡರು, ನಕ್ಷೆಯಲ್ಲಿ ಗುರುತು ಹಾಕಿ ಮುಂದೆ ಹೋದರು. ಪಶ್ಚಿಮದ ಮರಳುಗಾಡಿನಲ್ಲಿ ಒಂದು ಸರೋವರಕ್ಕೂ ನಿರಾಸೆಯ ಹೆಸರೇ ಇತ್ತು. 1897ರಲ್ಲಿ ಒಬ್ಬ ಹಳ್ಳಗಳ ಜಾಡು ಹಿಡಿದು ಸಿಹಿನೀರಿನ ಆಸೆಯಿಂದ ಹೋದರೆ ಸಿಕ್ಕಿದ್ದು ಉಪ್ಪಿನ ಬಯಲು. ಆದರೆ ಅಲ್ಲಿನ ಮೂಲದವರಿಗೆ ಅದು ಯಾವತ್ತೂ ನಿರಾಸೆ ಆಗಿರಲಿಲ್ಲವಲ್ಲ! 2020ರಲ್ಲಿ ಅವರದೇ ಹೆಸರು ಸರ್ಕಾರಿ ದಾಖಲೆಗೆ ಬಂತು, ಕುಂಪುಪಿಂಟಿಲ್ ಅಂತ.

ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಬಂಡೆಗಳ ವಿಷಯ. ರಜೆಯಲ್ಲಿ ನಾವು ದೇಶದ ನಟ್ಟನಡುವಿನ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿದ್ದೆವು. ಅಲ್ಲಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹೋದರೆ ಡೆವಿಲ್ಸ್ ಮಾರ್ಬಲ್ಸ್, ಅಂದರೆ ದೆವ್ವದ ಗೋಲಿಗಳು. ಕಾರಿನಿಂದ ಇಳಿದವಳು ಹಾಗೇ ನಿಂತುಬಿಟ್ಟೆ. ನಮ್ಮ ಚಿತ್ರದುರ್ಗದ ಮೇಲುದುರ್ಗವೇ ಅಪ್ಪಾಜಿ! ಅದೇ ಕಣಶಿಲೆ, ಒಂದರ ಮೇಲೊಂದು ಕೂತ ಅದೇ ದುಂಡು ಗುಂಡುಗಳು, ತಳ್ಳಿದರೆ ಉರುಳಿಯೇಬಿಡುತ್ತವೆ ಅನ್ನುವಂಥವು. ಒಂದು ಗುಂಡಂತೂ ನಡುಮಧ್ಯೆ ಸೀಳಿ ಎರಡು ಹೋಳಾಗಿತ್ತು. ಆ ಸಂದಿಯಲ್ಲಿ ಚಿನ್ನೂ ಅಡ್ಡಡ್ಡ ನುಸುಳಿ, ಆಚೆ ಕಡೆಯಿಂದ "ಓಬವ್ವನ ಕಿಂಡಿ!" ಅಂತ ಕೂಗಿದ. ಕೈಯಲ್ಲಿ ಒನಕೆ ಇಲ್ಲ ಅಂತ ನನ್ನ ನೀರಿನ ಬಾಟಲಿ ಎತ್ತಿ ಹಿಡಿದಿದ್ದ.

ಅಲ್ಲಿನ ಮೂಲನಿವಾಸಿಗಳು ಅದನ್ನು ಕರ್ಲು ಕರ್ಲು ಅನ್ನುತ್ತಾರೆ, ಅವರಿಗದು ದೇವರ ಜಾಗ. 1950ರ ದಶಕದಲ್ಲಿ ಅಲ್ಲಿಂದ ಒಂದು ಗುಂಡನ್ನು ಎತ್ತಿಕೊಂಡು ಹೋಗಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಜಾನ್ ಫ್ಲಿನ್ ಅನ್ನುವವರ ಸಮಾಧಿಯ ಮೇಲಿಟ್ಟರು. ದೂರದ ಹಳ್ಳಿಗಳಿಗೆ ವಿಮಾನದಲ್ಲಿ ಡಾಕ್ಟರನ್ನು ಕಳಿಸುವ ವ್ಯವಸ್ಥೆ ಮಾಡಿದ ಪುಣ್ಯಾತ್ಮ ಅವರು. ಆದರೂ ಕಲ್ಲಿನವರು ಸುಮ್ಮನಿರುತ್ತಾರೆಯೇ? ವರ್ಷಗಟ್ಟಲೆ ಕೇಳಿ ಕೇಳಿ, ಕೊನೆಗೆ 1999ರಲ್ಲಿ ಕಲ್ಲು ತನ್ನ ಜಾಗಕ್ಕೆ ವಾಪಸು ಬಂತು. ಸಮಾಧಿಗೆ ಆಲಿಸ್ ಸ್ಪ್ರಿಂಗ್ಸ್ ಸುತ್ತಿನ ಮೂಲದವರು ತಮ್ಮ ನೆಲದ್ದೇ ಬೇರೆ ಕಲ್ಲು ಕೊಟ್ಟರು. 2008ರಲ್ಲಿ ಇಡೀ ಜಾಗವೇ ಅವರ ಕೈಗೆ ಮರಳಿತು. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ಇಟ್ಟಿದ್ದಾರಲ್ಲ, ಅದನ್ನು ಯಾರಾದರೂ ಬೆಂಗಳೂರಿಗೆ ಒಯ್ದರೆ ದುರ್ಗದವರು ಬಿಡುತ್ತಿದ್ದರೇ?

ಚಿನ್ನೂಗೆ ನಮ್ಮ ಕಡೆಯ ಹೆಸರುಗಳನ್ನೂ ಹೇಳುತ್ತಾ ಹೋದೆ. ಮಾರಿಕಣಿವೆ. ಜೋಗಿಮಟ್ಟಿ. ಅಕ್ಕ-ತಂಗಿ ಹೊಂಡ. ತುಪ್ಪದ ಕೊಳ. ಉಚ್ಚಂಗಿದುರ್ಗ. ಮಾಯಕೊಂಡ ಅಂದಾಗ ಅವನು ಪೆನ್ಸಿಲ್ ಎತ್ತಿಕೊಂಡುಬಿಟ್ಟ, ಅಲ್ಲಿ ಯುದ್ಧ ಆಗಿರಲೇಬೇಕು ಅಂತ. ಆಗಿತ್ತು ಕಣೋ, ದುರ್ಗದ ಹಿರೇ ಮದಕರಿನಾಯಕರು ಅಲ್ಲೇ ಕಾದಾಡಿ ಮಡಿದರು ಅಂದೆ. ಆಮೇಲೆ ನೀವು ಬಸ್ಸಿನ ಮೆಟ್ಟಿಲ ಮೇಲೆ ನಿಂತು "ಯಾರ್ರೀ ಮಾಯಕೊಂಡ, ಇಳ್ಕೊಳ್ರೀ, ಲಗೇಜ್ ನೋಡ್ಕೊಳ್ರೀ" ಅಂತ ಕೂಗುತ್ತಿದ್ದುದನ್ನು ನಟನೆ ಮಾಡಿ ತೋರಿಸಿದೆ. ಅವನಿಗೆ ಭಾರೀ ನಿರಾಸೆ. ಅಂಥಾ ಊರಿಗೆ ಬಸ್ಸು ಹೋಗುತ್ತಾ, ಚಿಲ್ಲರೆ ಇಲ್ಲ ಅಂತ ಜಗಳಾನೂ ಆಗುತ್ತಾ ಅಂತ ಕೇಳಿದ. ಆಗದೆ ಏನು! ಟಿಕೆಟ್ ಹರಿದ ಕೈಗೆ ಊರಿನ ಹೆಸರು ಬರೀ ಸ್ಟೇಜು. ಮಾರಿಕಣಿವೆ ಅಂದರೆ ಹಿರಿಯೂರಿನವರಿಗೆ ಡ್ಯಾಮು. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ 2022ರಲ್ಲೇ ಬಿದ್ದಾಗ ಅವ್ವ ಬಾಗಿನ ಹಿಡಿದು ಹೊರಟಿದ್ದರಲ್ಲ, ಭಯ ಯಾರಿಗಿತ್ತು?

ಅದಕ್ಕೇ ಒಂದು ಕೆಲಸ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಹಳೇ ರೂಟುಗಳ ಸ್ಟಾಪುಗಳನ್ನು ಒಂದೂ ಬಿಡದೆ ಸಾಲಾಗಿ ಒಂದು ಹಾಳೆಯಲ್ಲಿ ಬರೆಯಿರಿ. ಭರಮಸಾಗರ, ಆನಗೋಡಿನಂಥ ದೊಡ್ಡವು ನನಗೇ ಗೊತ್ತು. ನಡುವಿನ ಗೇಟುಗಳು, ಹಟ್ಟಿಗಳು, ಕೈ ಮಾಡಿದರೆ ನಿಲ್ಲಿಸುತ್ತಿದ್ದ ಮರದ ಕೆಳಗಿನ ಸ್ಟಾಪುಗಳು, ಅವು ಬೇಕು. ಬರೆದದ್ದನ್ನು ತಮ್ಮನ ಕೈಲಿ ಫೋಟೋ ತೆಗೆಸಿ ವಾಟ್ಸಾಪ್ ಮಾಡಿಸಿ. ಚಿನ್ನೂ ತನ್ನ ರಾಜ್ಯದಲ್ಲಿ ನದಿಯ ಎಡದಂಡೆಯನ್ನು ಖಾಲಿ ಬಿಟ್ಟುಕೊಂಡು ಕೂತಿದ್ದಾನೆ. ಬಿಪಿ ಮಾತ್ರೆ ಮುಗಿಯುವ ಮೊದಲೇ ತರಿಸಿಕೊಳ್ಳಿ.

ನಿಮ್ಮ ಮಗಳು