ಟೈರು, ಬ್ರೇಕು, ಬಿಡಿಭಾಗ: ಸೋದರಳಿಯನಿಗೊಂದು ಪತ್ರ

ಸುಳ್ಯ

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು 2014ರ ಪೆಟ್ರೋಲ್ ಸ್ವಿಫ್ಟ್ ತೆಗೆದುಕೊಂಡ ಸಂಗತಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಸರ್ವಿಸ್ಸೂ ತಾನೇ ಮಾಡಿಕೊಳ್ಳುತ್ತಾನಂತೆ, ನೀನಾದರೂ ನಾಲ್ಕು ಮಾತು ಹೇಳು ಅಂದಳು. ಬೇಡ ಅನ್ನುವ ಮಾತನ್ನಂತೂ ನಾನು ಹೇಳುವವನಲ್ಲ. ನಮ್ಮ ಮನೆ ಮಕ್ಕಳಲ್ಲಿ ತನ್ನ ಗಾಡಿಯ ಬಾನೆಟ್ ಎತ್ತಿ ನೋಡುವವ ಒಬ್ಬನಾದರೂ ಇದ್ದಾನಲ್ಲ ಎಂದು ಸಂತೋಷವೇ ಆಯಿತು. ಆದರೆ ಸ್ಪ್ಯಾನರ್ ಹಿಡಿಯುವುದಕ್ಕೆ ಮೊದಲು ಸಾಮಾನು ಆರಿಸುವ ಕೆಲಸ ಒಂದುಂಟು. ಬಿಚ್ಚಿ ಜೋಡಿಸುವುದು ಮಾಡುತ್ತಾ ಮಾಡುತ್ತಾ ಬರುತ್ತದೆ. ತಪ್ಪು ಸಾಮಾನನ್ನು ಮಾತ್ರ ಎಷ್ಟು ಚೆಂದವಾಗಿ ಕೂರಿಸಿದರೂ ಅದು ತಪ್ಪು ಸಾಮಾನೇ.

ದುಡ್ಡಿನ ವಿಷಯದಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿಟ್ಟುಕೋ. ಕೆಟ್ಟರೆ ಗಾಡಿ ನಿಂತುಬಿಡುವ ಸಾಮಾನು ಕೆಲವು: ಪ್ಲಗ್, ಬ್ಯಾಟರಿ, ಫ್ಯೂಸ್. ಕೆಟ್ಟರೆ ಗಾಡಿ ನಿಲ್ಲದೇ ಹೋಗುವ ಸಾಮಾನು ಇನ್ನು ಕೆಲವು: ಟೈರ್, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್. ಮೊದಲನೆಯವುಗಳಲ್ಲಿ ನಾಲ್ಕು ಕಾಸು ಉಳಿಸಿದರೆ ನನ್ನ ತಕರಾರಿಲ್ಲ. ಎರಡನೆಯವುಗಳಲ್ಲಿ ಅಗ್ಗದ್ದನ್ನು ಹುಡುಕಲೇ ಹೋಗಬೇಡ. ನೀನು ಊರಿಗೆ ಬರುವುದು ಶಿರಾಡಿ ಘಾಟಿಯಲ್ಲಿ, ಅದೂ ಹೆಚ್ಚಾಗಿ ಮಳೆಗಾಲದಲ್ಲಿ.

ಟೈರ್ ಬದಲಿಸುತ್ತೀಯಂತೆ, ಅಗಲದ್ದು ಹಾಕಿಸು ಎಂದು ಗೆಳೆಯನೊಬ್ಬ ಹೇಳಿದನಂತೆ. ಸ್ವಿಫ್ಟಿನ ಮಾದರಿಗಳಲ್ಲಿ ನಿನ್ನದು ವಿಎಕ್ಸ್‌ಐ, ಅದಕ್ಕೆ ಕಂಪನಿ ಕೊಟ್ಟ ಸೈಜು 165/80 ಆರ್14. 165 ಅಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 80 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80ರಷ್ಟು. 14 ರಿಮ್ಮಿನ ಇಂಚು. ಲೆಕ್ಕ ಹಾಕಿದರೆ ಚಕ್ರದ ಒಟ್ಟು ಎತ್ತರ ಸುಮಾರು 620 ಮಿ.ಮೀ. ಗೆಳೆಯ ಹೇಳಿದ 185/65 ಆರ್14 ಹಾಕಿದರೆ ಅದೇ ಎತ್ತರ 596ಕ್ಕೆ ಇಳಿಯುತ್ತದೆ. ಗಾಡಿಯ ಹೊಟ್ಟೆ ನೆಲಕ್ಕೆ 12 ಮಿ.ಮೀ. ಹತ್ತಿರ ಬಂತು. ಮೀಟರ್ 100 ತೋರಿಸುವಾಗ ನೀನು ನಿಜವಾಗಿ ಹೋಗುವುದು 96ರ ಆಸುಪಾಸು. ಅಗಲವೇ ಬೇಕೆಂದು ಹಟ ಇದ್ದರೆ 185/70 ಆರ್14 ನೋಡು, ಅದರ ಎತ್ತರ ಮೊದಲಿನದ್ದಕ್ಕೆ ತೀರಾ ಹತ್ತಿರ. ನನ್ನನ್ನು ಕೇಳಿದರೆ 165ರಲ್ಲೇ ಇರು. ಗೋಡೆ ಎತ್ತರವಿದ್ದಷ್ಟು ನಮ್ಮ ರಸ್ತೆಯ ಹೊಂಡಗಳನ್ನು ತಾಳುತ್ತದೆ, ನೀರು ನಿಂತ ರಸ್ತೆಯಲ್ಲಿ ಅಗಲ ಕಡಿಮೆಯ ಟೈರು ನೀರನ್ನು ಸೀಳಿಕೊಂಡು ನೆಲ ಹಿಡಿಯುತ್ತದೆ. ಸೈಜಿನ ಪಕ್ಕದಲ್ಲೇ 85ಟಿ ಎಂದಿರುತ್ತದೆ. ಒಂದು ಟೈರು 515 ಕಿಲೋ ಹೊರುತ್ತದೆ, ಗಂಟೆಗೆ 190 ಕಿ.ಮೀ. ವೇಗ ತಡೆಯುತ್ತದೆ ಎಂದು ಅದರ ಅರ್ಥ. ಅದಕ್ಕಿಂತ ಕೆಳಗಿನದ್ದನ್ನು ಮುಟ್ಟಬೇಡ.

ಬ್ರ್ಯಾಂಡಿನ ಚರ್ಚೆಯಲ್ಲಿ ಹೊತ್ತು ಕಳೆಯಬೇಡ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಯಾವುದಾದರೂ ಆಗಬಹುದು, ಐಎಸ್‌ಐ ಮುದ್ರೆ ಇರಲಿ. ನಮ್ಮ ಕಾಲದಲ್ಲಿ ಮೈಸೂರಿನ ವಿಕ್ರಾಂತ್ ಟೈರ್ ಅಂದರೆ ಬಹಳ ಅಭಿಮಾನ. 1997ರಲ್ಲಿ ಅದು ಜೆಕೆಯವರ ಕೈ ಸೇರಿತು. ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದದ್ದು ಟೈರ್ ಹುಟ್ಟಿದ ದಿನ. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3624 ಎಂದಿದ್ದರೆ 2024ನೇ ಇಸವಿಯ 36ನೇ ವಾರದಲ್ಲಿ ತಯಾರಾದದ್ದು. ಒಂದು ಬದಿಯಲ್ಲಿ ಈ ಅಂಕಿ ಕಾಣದಿದ್ದರೆ ಟೈರನ್ನು ತಿರುಗಿಸಿ ಇನ್ನೊಂದು ಬದಿ ನೋಡು. ರಬ್ಬರ್ ಬೆಳೆಯುವ ಊರಿನವನಾಗಿ ಹೇಳುತ್ತೇನೆ ಪುಟ್ಟಾ, ರಬ್ಬರಿಗೆ ಓಡಾಟದಿಂದ ಮಾತ್ರ ಮುಪ್ಪು ಬರುವುದಲ್ಲ. ಬಿಸಿಲು, ಶಾಖ, ಗಾಳಿಯ ಓಝೋನ್ ಸೇರಿ ಸುಮ್ಮನೆ ಕೂತ ಟೈರನ್ನೂ ಗಟ್ಟಿ ಮಾಡಿ ಬಿರುಕು ಬಿಡಿಸುತ್ತವೆ. ಒಂದು ವರ್ಷದೊಳಗಿನದ್ದನ್ನೇ ಕೇಳಿ ತೆಗೆದುಕೋ. ನಿನ್ನ ಸ್ಟೆಪ್ನಿಯ ಅಂಕಿಯನ್ನೂ ಈಗಲೇ ನೋಡು. ಅದು ಗಾಡಿಯ ಜೊತೆಗೇ ಬಂದ 2014ರದ್ದಾಗಿದ್ದರೆ, ನೆಲಕ್ಕೆ ತಾಗುವ ರಬ್ಬರ್ ಕಟ್ಟುಗಳು, ಅಂದರೆ ಬಟನ್, ಹೊಸದರಂತೆ ಕಂಡರೂ ತೆಗೆದುಹಾಕು.

ಸೆಕೆಂಡ್‌ಹ್ಯಾಂಡ್ ಟೈರಿನ ಅಂಗಡಿಗೆ ಹೋಗಲೇಬೇಡ. ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಬಟನ್ ಕೆತ್ತಿ ಮಾರುವವರಿದ್ದಾರೆ. ಗುರುತಿಸುವುದು ಹೇಗೆಂದರೆ, ಕಾರ್ಖಾನೆಯಿಂದ ಬಂದ ಟೈರಿನ ಸಾಲುಗಳೊಳಗೆ ಅಲ್ಲಲ್ಲಿ ಅಡ್ಡವಾಗಿ ರಬ್ಬರಿನ ಸಣ್ಣ ದಿಣ್ಣೆ ಇರುತ್ತದೆ, ಎತ್ತರ 1.6 ಮಿ.ಮೀ. ಬಟನ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು. ಕೆತ್ತಿದ ಟೈರಿನಲ್ಲಿ ಆ ದಿಣ್ಣೆಯೂ ಕತ್ತರಿಸಿಹೋಗಿರುತ್ತದೆ, ಸಾಲಿನ ತಳಕ್ಕೆ ಬೆರಳಿಟ್ಟರೆ ತರಿತರಿ ಹತ್ತುತ್ತದೆ. ಹೊಸ ಟೈರಾದರೂ ದಿಣ್ಣೆ ಮುಟ್ಟುವವರೆಗೆ ಕಾಯಬೇಡ. 3 ಮಿ.ಮೀ. ಆದಾಗಲೇ ಬದಲಿಸಿದರೆ ನಮ್ಮ ಮಳೆಗೆ ಸರಿ.

ನಾಲ್ಕಕ್ಕೂ ದುಡ್ಡು ಕೂಡದೆ ಎರಡೇ ಕೊಳ್ಳುವುದಾದರೆ ಹೊಸದನ್ನು ಹಿಂದಿನ ಚಕ್ರಕ್ಕೆ ಹಾಕಿಸು. ಎಳೆಯುವುದು ಮುಂದಿನ ಚಕ್ರವಲ್ಲವೇ ಎಂದು ಅಂಗಡಿಯವರೇ ವಾದ ಮಾಡಿಯಾರು. ಒಪ್ಪಬೇಡ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟೇರಿಂಗ್ ಹಗುರಾಗಿ ನಿನಗೆ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹಿಡಿತ ಬರುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ಗಿರ್ರನೆ ತಿರುಗುತ್ತದೆ, ಆಗ ಎಂಥ ಡ್ರೈವರನಿಗೂ ಕಷ್ಟ. ಗಾಳಿಯ ಒತ್ತಡ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿದೆ. ಟೈರ್ ತಣ್ಣಗಿರುವಾಗ ಹಿಡಿದು ನೋಡು. ನೈಟ್ರೋಜನ್‌ಗೆ ದುಡ್ಡು ಕೊಡುವುದು ಬೇಡ, ಮಾಮೂಲು ಗಾಳಿಯಲ್ಲೇ ಅದು ಶೇ. 78 ಇದೆ.

ಇನ್ನು ಬೆಂಗಳೂರಿನ ಬಿಡಿಭಾಗದ ಅಂಗಡಿಗಳ ಬೀದಿ, ಜೆಸಿ ರೋಡು. ನೀನು ಹೋಗುವುದು ಅಲ್ಲಿಗೇ ಇರಬೇಕು. ಹೋಗುವಾಗ ಹಳೆಯ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡು ಹೋಗು, ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿ ನಂಬರನ್ನು ಫೋನಿನಲ್ಲಿ ಬರೆದುಕೊಂಡಿರು. ನಿನ್ನ 2014ರ ಮಾರುತಿಯದ್ದಾದರೆ ಅದು ಎಂಎ3 ಎಂದು ಶುರುವಾಗುತ್ತದೆ. ಒಂದೇ ಮಾಡೆಲ್ ಆದರೂ ನಡುವೆ ಕಂಪನಿಯವರು ಸಾಮಾನು ಬದಲಿಸಿರುತ್ತಾರೆ, 'ಸ್ವಿಫ್ಟ್‌ದು ಕೊಡಿ' ಅಂದರೆ ಸಾಲದು, ಪಾರ್ಟ್ ನಂಬರ್ ಕೂಡಿಬರಬೇಕು. ಕಾರ್ ಕಂಪನಿ ಪ್ಲಗ್ಗನ್ನೂ ಬೇರಿಂಗನ್ನೂ ತಾನೇ ಮಾಡುವುದಿಲ್ಲ. ಬಾಷ್, ಎನ್‌ಜಿಕೆ, ಎಸ್‌ಕೆಎಫ್, ಗೇಬ್ರಿಯಲ್, ರಾಣೆ ಇಂಥವರು ಮಾಡುತ್ತಾರೆ, ತಮ್ಮದೇ ಡಬ್ಬಿಯಲ್ಲೂ ಮಾರುತ್ತಾರೆ. ಆ ಡಬ್ಬಿಯದ್ದು ಕೊಂಡರೆ ದುಡ್ಡು ಉಳಿಯುತ್ತದೆ, ಗುಣ ಕೆಡುವುದಿಲ್ಲ. ಹೆಸರಿಲ್ಲದ ಲೋಕಲ್ ಬೇಡ. ಡೂಪ್ಲಿಕೇಟ್ ಕಾಟ ತಪ್ಪಬೇಕಾದರೆ ಬಿಲ್ ಕೇಳು. ಬಿಲ್ ಅಂದ ಕೂಡಲೇ ರೇಟು ಬದಲಾಗುವ ಅಂಗಡಿಯಿಂದ ಎದ್ದು ಬಾ.

ಪ್ಲಗ್ಗಿನಲ್ಲಿ ಒಂದು ಸೂಕ್ಷ್ಮ ಉಂಟು. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಂಪಿನದು (ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು), ಬಾಷ್‌ನಲ್ಲಿ ಅಂಕಿ ಹೆಚ್ಚಿದಷ್ಟೂ ಬಿಸಿಯದು. ಒಂದರ ಅಂಕಿ ನೋಡಿ ಇನ್ನೊಂದನ್ನು ಅಂದಾಜಿನಲ್ಲಿ ಕೊಳ್ಳಬೇಡ. ಏರ್ ಫಿಲ್ಟರ್, ಎಸಿ ಫಿಲ್ಟರ್, ವೈಪರ್ ಧೈರ್ಯವಾಗಿ ನೀನೇ ಹಾಕು. ಇಂಜಿನ್ ಆಯಿಲ್ ಮ್ಯಾನುವಲ್ ಹೇಳಿದ ಗ್ರೇಡೇ ಇರಲಿ, ಹಳೆಯ ಗಾಡಿಗೆ ದಪ್ಪ ಆಯಿಲ್ ಒಳ್ಳೆಯದು ಎನ್ನುವವರ ಮಾತಿಗೆ ಕಿವಿಗೊಡಬೇಡ. ಆಯಿಲ್ ಫಿಲ್ಟರ್ ಬಿಚ್ಚಿದಾಗ ಹಳೆಯ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡಿದೆಯೋ ಎಂದು ಬೆರಳಾಡಿಸಿ ನೋಡು. ಅದರ ಮೇಲೆ ಹೊಸದು ಕೂತರೆ ರಸ್ತೆ ಮಧ್ಯದಲ್ಲಿ ಆಯಿಲ್ ಪೂರಾ ಸೋರಿಹೋಗುತ್ತದೆ.

ಬ್ರೇಕಿನ ವಿಷಯ ನಿಧಾನವಾಗಿ ಓದು. ಪ್ಯಾಡ್ ಬದಲಿಸುವಾಗ ಎಡಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಿಸು, ಒಂದೇ ಸೆಟ್ಟಿನದು. ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ತುಳುಕಿ ಪೇಂಟಿನ ಮೇಲೆ ಬಿದ್ದರೆ ಪೇಂಟ್ ಎದ್ದುಬರುತ್ತದೆ, ಬಟ್ಟೆ ಹಾಸಿಕೋ. ಎಲ್ಲ ಮುಗಿದ ಮೇಲೆ, ಗಾಡಿ ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಾ ಇರು. ಇಲ್ಲದಿದ್ದರೆ ಮೊದಲ ಸಲ ಒತ್ತಿದಾಗ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಇರುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಗ್ರೇಡಿನ ಬ್ರೇಕ್ ಆಯಿಲ್ ಹೊಸದಿರುವಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ, ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಬ್ರೇಕ್ ಹಿಡಿದರೆ ಆ ಶಾಖ ಬರಬಹುದು, ಆಯಿಲ್ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸು. ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕು. ಡಾಟ್ 5 ಸಿಲಿಕೋನಿನದು, ಅದನ್ನು ಇದಕ್ಕೆ ಬೆರೆಸಲೇಬಾರದು. ಸಣ್ಣ ಬಾಟಲಿ ಕೊಳ್ಳು, ಒಡೆದು ಉಳಿದದ್ದನ್ನು ಇಟ್ಟುಕೊಳ್ಳಬೇಡ. ಮೊದಲ ಸಲ ಬ್ರೇಕ್ ಕೆಲಸ ಮಾಡುವಾಗ ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೋ, ಅವರ ಕೂಲಿ ಕೊಡು. ಏರ್‌ಬ್ಯಾಗ್, ಸ್ಟೇರಿಂಗ್, ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಇವಕ್ಕೆ ಕೈಹಾಕಬೇಡ.

ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವುದಿಲ್ಲ ಎಂದು ನನಗೆ ಮಾತು ಕೊಡು. ಗಾಡಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆಯೇ ಬಗ್ಗು ಮಾರಾಯ.

ಸ್ಟ್ಯಾಂಡ್ ಜೋಡಿಯನ್ನೂ ನಟ್ಟಿನ ಬಿಗಿತ ಅಳೆದು ತೋರಿಸುವ ನನ್ನ ಟಾರ್ಕ್ ವ್ರೆಂಚನ್ನೂ ನಿನ್ನ ಅಮ್ಮ ಬೆಂಗಳೂರಿಗೆ ಬರುವಾಗ ಕಳಿಸಿಕೊಡುತ್ತೇನೆ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿ, ಎಷ್ಟು ಬಿಗಿಯಬೇಕೆಂಬುದು ಮ್ಯಾನುವಲ್‌ನಲ್ಲಿದೆ. ಟೈರ್ ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ನಾಲ್ಕೂ ಟೈರಿನ ಆ ನಾಲ್ಕು ಅಂಕಿಯ ಫೋಟೋ ನನಗೆ ವಾಟ್ಸಾಪ್ ಮಾಡು.

ಇತಿ ನಿನ್ನ ಪ್ರೀತಿಯ
ಮಾವ