ಹಬ್ಬದಂತೆ ಬೀಳ್ಕೊಟ್ಟ ಕಲಾಸಂಗ್ರಹಾಲಯ

ಮಾನ್ಯ ಸಂಪಾದಕರೇ,

ನೀಲಿ, ಹಸಿರು, ಹಳದಿ ಕೊಳವೆಗಳನ್ನು ಹೊರಮೈಯಲ್ಲೇ ಹೊತ್ತು ನಿಂತು, 1977ರಲ್ಲಿ ಬಾಗಿಲು ತೆರೆದಾಗ ತೈಲ ಸಂಸ್ಕರಣಾಗಾರವೆಂದು ಗೇಲಿಗೊಳಗಾಗಿದ್ದ ಪ್ಯಾರಿಸ್ಸಿನ ಪಾಂಪಿಡು ಕೇಂದ್ರವೆಂಬ ಕಲಾಸಂಗ್ರಹಾಲಯವನ್ನು, ಕಲ್ನಾರು (ಆಸ್ಬೆಸ್ಟಸ್) ತೆರವು ಹಾಗೂ ಸಮಗ್ರ ನವೀಕರಣಕ್ಕಾಗಿ 2030ರವರೆಗೆ ಮುಚ್ಚಲಾಗಿದೆ. ಶಾಶ್ವತ ಸಂಗ್ರಹದ ಗ್ಯಾಲರಿಗಳನ್ನು 2025ರ ಮಾರ್ಚ್‌ನಲ್ಲಿ ಮುಚ್ಚುವ ಮುನ್ನ ಒಂದು ವಾರಾಂತ್ಯ ಎಲ್ಲರಿಗೂ ಉಚಿತ ಪ್ರವೇಶ ನೀಡಿ, ಸಂಗೀತ, ಕಾರ್ಯಾಗಾರಗಳೊಂದಿಗೆ ಬೀಳ್ಕೊಡುಗೆಯನ್ನು ಹಬ್ಬವಾಗಿಸಿದ್ದು ಸೊಗಸಾದ ನಡೆ. ಹೀಗೆ ಕರೆಸಿಕೊಂಡ ಜನರಿಗೆ, ಕಾಮಗಾರಿ ವಿಳಂಬವಾದರೆ ಪ್ರಶ್ನಿಸುವ ಸಲಿಗೆಯೂ ದೊರೆಯುತ್ತದೆ. ಆಡಳಿತ ಮಂಡಳಿ ಇದನ್ನು ಯೋಚಿಸಿತ್ತೋ ಇಲ್ಲವೋ! ಆದರೂ ಉತ್ಸವಕ್ಕಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಅಲ್ಲಿನ ಸಾರ್ವಜನಿಕ ಗ್ರಂಥಾಲಯವನ್ನು ನಗರದ ಬೇರೊಂದು ಕಟ್ಟಡಕ್ಕೆ ಸ್ಥಳಾಂತರಿಸಿ ಓದುಗರಿಗೆ ತೆರೆದಿಟ್ಟಿರುವುದು.

– ಒಬ್ಬ ಓದುಗ, ಮೈಸೂರು