ಕೆಂಚನ ಕಾಲಿನ ಲೆಕ್ಕ

ಸಂಕ್ರಾಂತಿಯ ಹಿಂದಿನ ದಿನ ಶಿವಮೊಗ್ಗದಲ್ಲಿ ನಮ್ಮ ನಾಯಿ ಕೆಂಚನ ಕಾಲಿನ ಕೊನೆಯ ಎಕ್ಸ್‌ರೇ ತೆಗೆಸಿದೆವು. ಮೂಳೆ ಕೂಡಿಕೊಂಡಿದೆ. ಒಳಗಿರುವ ಪ್ಲೇಟು ಮತ್ತು ಆರು ಸ್ಕ್ರೂ ತೊಂದರೆ ಕೊಡದಿದ್ದರೆ ಹಾಗೇ ಇರಲಿ ಅಂದರು ಡಾಕ್ಟರು. ಕೆಂಚ ಇನ್ನೂ ಸ್ವಲ್ಪ ಕುಂಟುತ್ತಾನೆ, ಆದರೆ ನಾಲ್ಕೂ ಕಾಲು ಊರುತ್ತಾನೆ. ಇಷ್ಟು ತಿಳಿದ ಮೇಲೆ ನಿಮಗೆಲ್ಲ ಬರೆಯೋಣ ಅಂತ ಇಷ್ಟು ದಿನ ಸುಮ್ಮನಿದ್ದೆ. ದುಡ್ಡು ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದೂ ಬಾಕಿ ಇತ್ತು.

ಹಲವರಿಗೆ ಪೂರ್ತಿ ಸಂಗತಿ ಗೊತ್ತಿಲ್ಲ. ಭೂಮಿ ಹುಣ್ಣಿಮೆಯ ಹಿಂದಿನ ಸಂಜೆ, ಗದ್ದೆಗೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿಯುವ ಗಡಿಬಿಡಿಯಲ್ಲಿ ದಣಪೆ (ಬೇಲಿಯ ಬಾಗಿಲಿನ ಅಡ್ಡಗಳು) ಹಾಕದೆ ಒಳಗೆ ಬಂದವಳು ನಾನು. ಕೆಂಚ ರಸ್ತೆಗೆ ಹೋದದ್ದು ಹಾಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವುದೋ ಪಿಕಪ್ ಅವನಿಗೆ ಗುದ್ದಿ ನಿಲ್ಲಿಸದೆ ಹೋಯಿತು ಅಂತ ಎಲ್ಲರೂ ಅದಕ್ಕೆ ಬೈದಿರಿ, ದಣಪೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ನಾವು ಓಡಿಹೋಗುವಾಗ ಕೆಂಚ ರಸ್ತೆ ಪಕ್ಕದ ಚರಂಡಿಯಲ್ಲಿದ್ದ. ಹಿಂಗಾಲು ತೊಡೆಯ ಹತ್ತಿರ ಬೇರೆಯದೇ ದಿಕ್ಕಿಗೆ ತಿರುಗಿತ್ತು. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದ ಹಾಗೆ ಬೆಳ್ಳಗೆ. ನಮ್ಮವರು ಎತ್ತಲು ಹೋದರೆ ಅಂಗೈಗೇ ಕಚ್ಚಿದ, ಆರು ವರ್ಷ ಅವರ ಕೈಯಿಂದಲೇ ಉಂಡ ನಾಯಿ. ಅಷ್ಟರಲ್ಲಿ ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ನಿಲ್ಲಿಸಿ, ಹೆಗಲ ಮೇಲಿನ ಬೈರಾಸು ತೆಗೆದು ಅವನ ಮೂತಿಗೆ ಎರಡು ಸುತ್ತು ಹಾಕಿ ಕಿವಿಯ ಹಿಂದೆ ಗಂಟು ಕಟ್ಟಿದರು. "ನೋವಿಗೆ ಕಚ್ತಾನೆ ಮಾರಾಯ್ರೆ, ಸಿಟ್ಟಿಗಲ್ಲ" ಅಂದರು. ಅಡಿಕೆ ಒಣಗಿಸುವ ತಟ್ಟಿಯನ್ನು ಅಟ್ಟದಿಂದ ಇಳಿಸಿ, ಅದರ ಮೇಲೆ ಅವನನ್ನು ಜಾರಿಸಿ, ಓಮ್ನಿಯ ಹಿಂದಿನ ಸೀಟು ಮಡಚಿ ಒಳಗೆ ತಳ್ಳಿದೆವು.

ತೀರ್ಥಹಳ್ಳಿಯಲ್ಲಿ ಆ ಹೊತ್ತಿನಲ್ಲಿ ಮನೆಯಿಂದ ಎದ್ದು ಬಂದ ಪಶುವೈದ್ಯರಿಗೆ ಮೊದಲ ನಮಸ್ಕಾರ. ಡ್ರಿಪ್ ಹಾಕಿ, ನೋವಿನ ಇಂಜೆಕ್ಷನ್ ಕೊಟ್ಟು, ಚೀಟಿ ಬರೆದುಕೊಟ್ಟು ಶಿವಮೊಗ್ಗಕ್ಕೆ ಕಳಿಸಿದರು. ಬಿದಿರ ಕಡ್ಡಿ, ಅಡಿಕೆ ಹಾಳೆ ಕಟ್ಟಿ ಕೂರಿಸಿ ಅಂದವರು ಊರಲ್ಲಿ ಇಬ್ಬರಿದ್ದರು. ತೊಡೆಯ ಮೂಳೆಗೆ ಹಾಗೆ ಕಟ್ಟಿದರೆ ಕಟ್ಟಿನ ಭಾರವೇ ಮುರಿದ ಜಾಗವನ್ನು ಎಳೆದಾಡುತ್ತದೆ, ಕಟ್ಟದೆ ಬಂದದ್ದು ಒಳ್ಳೇದಾಯಿತು ಅಂದರು ಡಾಕ್ಟರು. ಮನೆಯಲ್ಲಿ ಮನುಷ್ಯರ ನೋವಿನ ಮಾತ್ರೆ ಏನಾದರೂ ಕೊಟ್ಟಿರಾ ಅಂತ ಎರಡು ಸಲ ಕೇಳಿದರು. ಐಬುಪ್ರೊಫೇನ್‌ನಂಥದ್ದು ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತದಂತೆ. ಕೊಟ್ಟಿರಲಿಲ್ಲ, ದೇವರ ದಯೆ.

ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವಾಗೆಲ್ಲ ನಾನು ಅವನ ಹೊಟ್ಟೆ ಏರಿಳಿಯುತ್ತದಾ ಅಂತ ಕೈಯಿಟ್ಟು ಕೂತಿದ್ದೆ. ಶಿವಮೊಗ್ಗದಲ್ಲಿ ಆ ರಾತ್ರಿ ಮೊದಲು ಹೋದ ಕಡೆ ಎಂಬತ್ತು ಸಾವಿರ ಆಗುತ್ತದೆ, ಅರ್ಧ ಈಗಲೇ ಕಟ್ಟಿ ಅಂದರು. ಅವರ ಖರ್ಚು ಅವರಿಗಿರುತ್ತದೆ. ಆದರೆ ನಮ್ಮ ಕೊಯ್ಲು ಇನ್ನೂ ಶುರುವೇ ಆಗಿರಲಿಲ್ಲ, ಮಗಳ ಹಾಸ್ಟೆಲ್ ಫೀಸು ಆಗಷ್ಟೇ ಕಟ್ಟಿದ್ದೆವು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಾನೇ ಅಂದೆ: "ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಲಿ. ಅವನಿಗೂ ನೋವು ತಪ್ಪುತ್ತದೆ." ನೋವಿನ ಮಾತು ನೆಪ, ನನ್ನ ತಲೆಯಲ್ಲಿದ್ದದ್ದು ದುಡ್ಡು. ನಮ್ಮವರು ಏನೂ ಹೇಳಲಿಲ್ಲ. ಮನೆಗೆ ಫೋನ್ ಮಾಡಿದರೆ, ನಾಯಿ ಜಗಲಿ ಹತ್ತಿದರೆ ಕೋಲು ಹಿಡಿಯುವ ನಮ್ಮತ್ತೆ, "ನಾಳೆ ಬೆಳಿಗ್ಗೆ ತನಕ ಸಾಯೂದಿಲ್ಲ ಅದು. ಬೆಳಿಗ್ಗೆ ನೋಡುವಾ. ರಾತ್ರಿ ಎಂತದನ್ನೂ ತೀರ್ಮಾನ ಮಾಡ್ಬೇಡ" ಅಂದು ಫೋನಿಟ್ಟರು.

ಬೆಳಿಗ್ಗೆ ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ ಹೋದೆವು. ಇನ್ನು ಮುಂದಿನದೆಲ್ಲ ಅಲ್ಲಿಯ ಡಾಕ್ಟರುಗಳ, ಕಲಿಯುವ ಮಕ್ಕಳ ಋಣ. ಮೂಳೆಗೆ ಆಪರೇಷನ್ ಆಗಬೇಕು, ಆದರೆ ಆಗ ಮಾಡುವ ಹಾಗಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ನಲವತ್ತೆರಡು ಸಾವಿರ ಬಂತು. ಎರಡು ಲಕ್ಷದ ಮೇಲಿರಬೇಕಾದದ್ದು. ಹಿಮೋಗ್ಲೋಬಿನ್ ಬರೀ 5.8, ಅದೂ ತೀರ ಕಡಿಮೆ. ಉಣುಗಿನ ಜ್ವರ ಮೊದಲಿಂದಲೇ ಒಳಗಿತ್ತು, ನಮಗೆ ಗೊತ್ತಿರಲಿಲ್ಲ. ಉಣುಗು ಅಂದರೆ ಮಂಗನ ಕಾಯಿಲೆ ನೆನಪಾಗುವ ಸೀಮೆ ನಮ್ಮದು, ನಾಯಿಗೆ ಅದರಿಂದ ಇನ್ನೊಂದು ಕಾಯಿಲೆ ಬರುತ್ತದೆ ಅಂತ ಆವತ್ತೇ ತಿಳಿದದ್ದು. ಡಾಕ್ಸಿಸೈಕ್ಲಿನ್ ಶುರು ಮಾಡಿ, ರಕ್ತ ಕೊಡಿಸಿ, ಕಾಯಬೇಕು ಅಂದರು.

ನಾಯಿಗೆ ರಕ್ತ ಎಲ್ಲಿಂದ ತರುವುದು? ಅಲ್ಲಿನ ಒಬ್ಬ ಹುಡುಗಿ, ಕೊನೆಯ ವರ್ಷದ ವಿದ್ಯಾರ್ಥಿನಿ, ಹತ್ತು ಜನಕ್ಕೆ ಫೋನ್ ಮಾಡಿದಳು. ಮಧ್ಯಾಹ್ನ ದುರ್ಗಿಗುಡಿಯಿಂದ ಒಬ್ಬರು ತಮ್ಮ ಲ್ಯಾಬ್ರಡಾರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. ಮೂವತ್ತೆರಡು ಕೆಜಿಯ ಆಳು, ಬಾಲದಲ್ಲೇ ಅರ್ಧ ವಾರ್ಡು ಗುಡಿಸುವಂಥವನು. ಕುತ್ತಿಗೆಯ ನರಕ್ಕೆ ಸೂಜಿ ಹಾಕಿ, ಮನುಷ್ಯರಿಗೆ ಬಳಸುವ ಅದೇ ಚೀಲಕ್ಕೆ ರಕ್ತ ತೆಗೆದರು. ಅವನು ಅಷ್ಟು ಹೊತ್ತೂ ಯಜಮಾನರ ಅಂಗೈಯಲ್ಲಿದ್ದ ಬಿಸ್ಕೀಟಿನ ಮೇಲೆ ಕಣ್ಣಿಟ್ಟು ಮಲಗಿದ್ದ. ಬೇರೆ ಗುಂಪಿನ ರಕ್ತವಾದರೆ ಏನು ಗತಿ ಅಂತ ನಾನು ಹೆದರಿದ್ದಕ್ಕೆ ಆ ಹುಡುಗಿ, ನಾಯಿಗೆ ಮೊದಲ ಸಲ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ ಆಂಟಿ, ಎರಡನೇ ಸಲ ಕೊಡುವಾಗಲೇ ತಾಳೆ ನೋಡಲೇಬೇಕು ಅಂತ ಸಮಾಧಾನ ಮಾಡಿದಳು. ಸಂಜೆಗೆ ಕೆಂಚನ ಒಸಡು ನಸುಗೆಂಪಾಯಿತು. ಆ ಬಣ್ಣ ನಾನು ಮರೆಯುವುದಿಲ್ಲ.

ಒಂಬತ್ತನೇ ದಿನ ಆಪರೇಷನ್. ಆ ಒಂಬತ್ತೂ ದಿನ, ಆಮೇಲೆ ಇನ್ನೊಂದು ವಾರ, ನಾಯಿಯ ಸಮೇತ ನಮ್ಮನ್ನು ಇಟ್ಟುಕೊಂಡದ್ದು ಶಿವಮೊಗ್ಗದ ನಾದಿನಿ. ಬಾಡಿಗೆ ಮನೆ, ಮಾಲೀಕರಿಗೆ ನಾಯಿ ಆಗದು. ಅವಳು ಅವರಿಗೆ ಏನು ಹೇಳಿ ಒಪ್ಪಿಸಿದಳೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಈಗ ಲೆಕ್ಕ. ಕಾಲೇಜಿನ ಫೀಸು, ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲ ಸೇರಿ 6,350 ರೂಪಾಯಿ. ಪ್ಲೇಟು, ಸ್ಕ್ರೂ ಹೊರಗಿಂದ ತರಿಸಿದ್ದು 14,500. ಔಷಧಿ, ಇಂಜೆಕ್ಷನ್ 11,200. ಓಡಾಟಕ್ಕೆ 5,400, ಮೊದಲ ರಾತ್ರಿಯದಕ್ಕೆ ಓಮ್ನಿಯವರು ಪೆಟ್ರೋಲು ಬಿಟ್ಟು ಒಂದು ಪೈಸೆ ಮುಟ್ಟಲಿಲ್ಲ. ಒಟ್ಟು 37,450. ನೀವೆಲ್ಲ ಕೊಟ್ಟದ್ದು 21,300. ನಮ್ಮ ಸ್ವಸಹಾಯ ಸಂಘದಿಂದ ಸಾಲ 10,000, ಉಳಿದ 6,150 ಕೈಯಿಂದ. ಚೀಟಿಗಳೆಲ್ಲ ನನ್ನ ಹತ್ತಿರ ಇವೆ, ಯಾರು ಬೇಕಾದರೂ ಬಂದು ನೋಡಬಹುದು. ಸಾಲ ಕೊಯ್ಲಿನ ದುಡ್ಡಲ್ಲಿ ತೀರುತ್ತದೆ, ದಯವಿಟ್ಟು ಇನ್ನು ಯಾರೂ ಕಳಿಸಬೇಡಿ.

"ಆ ದುಡ್ಡಿಗೆ ಒಂದು ಕರಾವಿನ ದನ ಬರ್ತಿತ್ತಲ್ಲೇ" ಅಂದವರಿಗೂ ವಂದನೆ. ಅವರು ಅಂದದ್ದೂ ಹೌದು, ಐನೂರು ಕೊಟ್ಟದ್ದೂ ಹೌದು.

ಆರು ವಾರ ಅವನನ್ನು ಓಡಗೊಡಬಾರದು ಅಂದಿದ್ದರು. ಓಡುವುದು ಬಿಟ್ಟು ಬೇರೇನೂ ಕಲಿಯದ ಪ್ರಾಣಿ. ಹೊಲಿಗೆ ನೆಕ್ಕದ ಹಾಗೆ ಪೇಂಟಿನ ಬಕೀಟಿನ ತಳ ಕತ್ತರಿಸಿ ಕುತ್ತಿಗೆಗೆ ಹಾಕಿಕೊಟ್ಟದ್ದು ಪಕ್ಕದ ಮನೆಯ ಅಣ್ಣ. ರೆಡ್ ಆಕ್ಸೈಡ್ ನೆಲದಲ್ಲಿ ಕಾಲು ಜಾರುತ್ತದೆ ಅಂತ ಮನೆ ತುಂಬ ಗೋಣಿಚೀಲ ಹಾಸಿದ್ದು ಅತ್ತೆ. ಜಗಲಿಯೇ ಹತ್ತಬಾರದಿದ್ದವನು ನಡುಮನೆಯಲ್ಲಿ ಮಲಗಿದ. ಹೊಟ್ಟೆಯ ಕೆಳಗೆ ಸೀರೆ ಹಾಕಿ ಎತ್ತಿ ಹಿಡಿದು ದಿನಕ್ಕೆ ನಾಲ್ಕು ಸಲ ಅಂಗಳಕ್ಕೆ ಒಯ್ಯುತ್ತಿದ್ದೆವು. ನನ್ನ ಕೈ ಬಿಡುವಿಲ್ಲದಾಗ ಅತ್ತೆಯೇ ಒಯ್ಯುವರು, ಬೈಯುತ್ತಾ: "ನಿನ್ನ ಉಚ್ಚೆಗೂ ನಾನೇ ಆಗ್ಬೇಕನಾ?"

ನಮ್ಮವರ ಕೈಯ ಗಾಯದ ಬಗ್ಗೆ ಕೇಳಿದವರಿಗೆ: ವಾಸಿಯಾಗಿದೆ. ಕಳೆದ ವರ್ಷ ಸೆಪ್ಟೆಂಬರ್ 28ರ ರೇಬೀಸ್ ದಿನ ಕೆಂಚನಿಗೆ ಚುಚ್ಚಿಸಿದ್ದೆವು, ಆದರೂ ಇವರು ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕೂ ಡೋಸು ಹಾಕಿಸಿಕೊಂಡರು.

ಇನ್ನೊಂದು ಉಳಿದಿದೆ. ಆ ಸಂಜೆ ಬೈಕು ನಿಲ್ಲಿಸಿದ ಅಣ್ಣ ಯಾರು ಅಂತ ನಮಗೆ ಗೊತ್ತಾಗಲೇ ಇಲ್ಲ. ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ, ಮುಖವೂ ಸರಿಯಾಗಿ ನೋಡಲಿಲ್ಲ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಮನೆಗೆ ಬನ್ನಿ. ನೀಲಿ ಅಂಚಿನ ನಿಮ್ಮ ಬೈರಾಸನ್ನು ಒಗೆದು ಮಡಚಿ ಇಟ್ಟಿದ್ದೇನೆ. ಒಂದು ತುದಿಯಲ್ಲಿ ಹಲ್ಲು ನಾಟಿದ ಎರಡು ತೂತು ಇವೆ, ಹೊಲಿದಿಲ್ಲ. ಬರುವಾಗ ದಣಪೆ ಹಾಕಿರುತ್ತದೆ, ಒಂದು ಕೂಗು ಹಾಕಿ.